ಉಳಿಕೆ ಇಲ್ಲದ ಮನೆ

ನಮಗೆ ಕೊಟ್ಟಿದ್ದ ಫಾರಂನಲ್ಲಿ ಹನ್ನೊಂದನೇ ಕಾಲಂ ಎಲ್ಲಕ್ಕಿಂತ ಸಣ್ಣದು. ಮನೆಯಲ್ಲಿ, ತೋಟದಲ್ಲಿ, ಸುತ್ತಿನ ಗುಡ್ಡೆಯಲ್ಲಿ ಸಿಗುವ ತರಗೆಲೆ, ಅಡಿಕೆಯ ಸೋಗೆ, ಸಿಪ್ಪೆ, ತೆಂಗಿನ ಗೆರಟೆಗಳಲ್ಲಿ ಯಾವ ಉಪಯೋಗಕ್ಕೂ ಹೋಗದೆ ಉಳಿಯುವುದು ಎಷ್ಟು ಎಂದು ಅಲ್ಲಿ ಬರೆಯಬೇಕಿತ್ತು. ಎರಡು ಅಂಕಿ ಬರೆದರೆ ತುಂಬಿಹೋಗುವಷ್ಟು ಜಾಗ.

ಇಂಥ ಉಳಿಕೆಯನ್ನೆಲ್ಲ ಇಂಧನವಾಗಿ ಬಳಸಬೇಕು ಎಂಬ ರಾಷ್ಟ್ರೀಯ ನೀತಿಯ ಹೆಸರಿನಲ್ಲಿ ದೇಲಂಪಾಡಿ ಪಂಚಾಯತಿನಲ್ಲಿ ಸರ್ವೆ ನಡೆದಿತ್ತು. ಸೀತಾಂಗೋಳಿಯಲ್ಲಿ ಬರಲಿದ್ದ ಕಾರ್ಖಾನೆಯೊಂದು ಅದನ್ನು ಪುಡಿ ಮಾಡಿ, ಬೆರಳು ಗಾತ್ರದ ತುಂಡುಗಳಾಗಿ ಒತ್ತಿ, ಕಲ್ಲಿದ್ದಲಿನ ಬದಲು ಉರಿಸಲು ಕಳಿಸುತ್ತದೆ ಎಂದು ತರಬೇತಿಯ ದಿನ ಸೂಪರ್‌ವೈಸರ್ ಧನರಾಜ್ ವಿವರಿಸಿದ್ದರು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನಗೆ ಅದರಲ್ಲಿ ನಂಬಿಕೆ ಇತ್ತು. ಈಗಲೂ ಇದೆ. ಜನ ಬಳಸುವುದನ್ನು ಮುಟ್ಟಬಾರದು, ಉಳಿದದ್ದನ್ನು ಮಾತ್ರ ತೆಗೆದುಕೊಳ್ಳಬೇಕು ಎಂದು ಧನರಾಜ್ ಎರಡು ಸಲ ಹೇಳಿದ್ದರು. ಯಾವುದು ಉಳಿದದ್ದು ಎಂದು ಬರೆಯುವ ಕೆಲಸ ಮಾತ್ರ ನಮ್ಮದಾಗಿತ್ತು.

ಅಮ್ಮುವನ್ನು ನಾನು ಕಂಡದ್ದು ಜನವರಿಯ ಒಂದು ಮಧ್ಯಾಹ್ನ, ಗುಡ್ಡೆಯ ಆಚೆ ಬದಿಯಲ್ಲಿ. ಅದು ಸರ್ಕಾರಿ ಜಾಗ. ಗೇರು, ಹೆಬ್ಬಲಸು, ಮರುವದ ಮರಗಳು ಎಲೆ ಉದುರಿಸುವ ಕಾಲ. ಅರುವತ್ತು ದಾಟಿದ ಹೆಂಗಸು, ತಲೆಗೆ ಮುಂಡಾಸಿನಂತೆ ತೋರ್ತು ಸುತ್ತಿಕೊಂಡು, ಉದ್ದ ಹಿಡಿಯ ಹಿಡಿಸೂಡಿಯಿಂದ ಗುಡಿಸುತ್ತಿದ್ದರು. ಪಕ್ಕದಲ್ಲಿ ಮೊಗ್ರಾಲಿನ ಮೀನುಗಾರರು ಬಿಟ್ಟ ಹಳೆಯ ಬಲೆ ಹಾಸಿತ್ತು. ಅದರ ಮೇಲೆ ಎದೆಮಟ್ಟ ತರಗೆಲೆ. ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದರೆ ತಲೆಹೊರೆಯಾಗುತ್ತದೆ. ನನ್ನ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿ ಕಂಡದ್ದೇ ಅವರು ಬಂದು ಬಲೆಗೆ ಅಡ್ಡ ನಿಂತರು.

"ಅಕ್ಕಾ, ಈ ತರಗೆಲೆ ಎಂತಕ್ಕೆ?" ಎಂದೆ.

"ಎಂತ ತರಗೆಲೆ?"

"ನಿಮ್ಮ ಹಿಂದೆ ಉಂಟಲ್ಲ."

"ಅದಾ? ಅದು ಗಾಳಿಗೆ ಬಿದ್ದದ್ದು ಮೇಡಂ."

"ಗಾಳಿಗೆ ಬಿದ್ದದ್ದು ಸೀದಾ ಬಲೆಯ ಒಳಗೇ ಬಿತ್ತಾ?"

"ನಮ್ಮ ಬದಿಯ ಗಾಳಿ ಭಾರೀ ಹುಷಾರಿ. ನೀವು ಪೇಟೆಯವರಿಗೆ ಗೊತ್ತಾಗ್ಲಿಕ್ಕಿಲ್ಲ."

ಇಬ್ಬರೂ ನಕ್ಕೆವು. ನಾನು ಪೇಟೆಯವಳಲ್ಲ, ಗುಡ್ಡೆಯ ಈಚೆಯವಳು. ಆದರೆ ಐದನೇ ತರಗತಿಯಿಂದ ಹಾಸ್ಟೆಲಿನಲ್ಲಿದ್ದು ಓದಿದ ನನ್ನ ಮುಖ ಆಚೆ ಬದಿಯವರಿಗೆ ಗೊತ್ತಿರಲಿಲ್ಲ. ಹೇಳಬಹುದಿತ್ತು, ಹೇಳಲಿಲ್ಲ. ಹೆಸರು, ಮನೆ ನಂಬ್ರ ಬರೆದುಕೊಂಡು, ವಾರಕ್ಕೆ ಎಷ್ಟು ಹೊರೆ ಎಲೆ ಒಯ್ಯುತ್ತೀರಿ ಎಂದು ಕೇಳಿದೆ.

ಅವರ ನಗು ನಿಂತುಹೋಯಿತು.

"ನಾನು ಒಂದು ಎಲೆಯೂ ತಕ್ಕೊಂಡು ಹೋಗುವುದಿಲ್ಲ. ಯಾರು ಬೇಕಾದ್ರೂ ಎಂತ ಬೇಕಾದ್ರೂ ಹೇಳ್ಲಿ."

ನಾವು ನಿಂತಲ್ಲಿಂದ ಕೆಳಗೆ ಅವರ ಮನೆ ಕಾಣುತ್ತಿತ್ತು. ಹಟ್ಟಿಯಲ್ಲಿ ಒಂದು ದನ, ಅದರ ಕಾಲಡಿಗೆ ಹಾಸಿದ ಹೊಸ ತರಗೆಲೆ. ಹಿತ್ತಿಲಲ್ಲಿ ಸುಡುಮಣ್ಣಿನ ಗುಪ್ಪೆ ಹೊಗೆಯಾಡುತ್ತಿತ್ತು. ತರಗೆಲೆಯ ಮೇಲೆ ಮಣ್ಣು ಮುಚ್ಚಿ ಎರಡು ದಿನ ಬೇಯಿಸಿದರೆ ತರಕಾರಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಗುಪ್ಪೆಯ ಆಚೆ ಹರಿವೆಯ ಸಾಲು, ಮುಳ್ಳುಸೌತೆಯ ಬಳ್ಳಿ. ಆ ಹೆಂಗಸಿನ ಬದುಕು ಪೂರ್ತಿ ಈ ಬಲೆಯಲ್ಲೇ ಗುಡ್ಡೆಯಿಂದ ಇಳಿದು ಬರುತ್ತಿತ್ತು. ನನ್ನನ್ನು ಅವರು ಕೇಸು ಹಾಕಲು ಬಂದ ಫಾರೆಸ್ಟಿನವಳು ಎಂದುಕೊಂಡಿದ್ದಾರೆ. ಅಷ್ಟು ನನಗೆ ಅರ್ಥವಾಗಿತ್ತು. ಅರ್ಥವಾಗದೇ ಇದ್ದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಕೆಳಗಿನ ರಸ್ತೆಯಿಂದ ಧನರಾಜ್ ಜೀಪಿನ ಹಾರ್ನ್ ಒತ್ತಿದರು. ಊಟಕ್ಕೆ ಮೊದಲು ಇನ್ನೂ ಮೂರು ಮನೆ ಇತ್ತು. ಉಪಯೋಗದ ಕಾಲಂನಲ್ಲಿ ಸೊನ್ನೆ ಬರೆದು, ಹನ್ನೊಂದನೆಯದರಲ್ಲಿ 'ಪೂರ್ತಿ' ಎಂದು ಬರೆದೆ. ಷರಾ ಬರೆಯಲು ಫಾರಂನ ಅಡಿಯಲ್ಲಿ ನಾಲ್ಕು ಗೆರೆ ಜಾಗವಿತ್ತು. ಅದನ್ನು ಖಾಲಿ ಬಿಟ್ಟೆ. ಜನ ಹೇಳಿದ್ದನ್ನು ಬರೆಯುವುದು ನನ್ನ ಕೆಲಸ ಎಂದು ಜೀಪಿನವರೆಗೂ ನನಗೆ ನಾನೇ ಹೇಳಿಕೊಂಡೆ.

ಅದೇ ಸಂಜೆ ನಮ್ಮ ಮನೆಯ ಫಾರಂ ತುಂಬಿಸಿದೆ. ನಮ್ಮ ಶೆಡ್ಡಿನ ಹಿಂದೆ ರಸ್ತೆಗೆ ತಾಗಿ ಮೂರು ವರ್ಷದ ಅಡಿಕೆ ಸಿಪ್ಪೆ ಬಿದ್ದಿದೆ. ಮೇಲೆ ಹುಲ್ಲು ಬೆಳೆದು, ಕೆಳಗೆ ಕೊಳೆತು, ಈಗ ಅದೊಂದು ಗುರುತಾಗಿಬಿಟ್ಟಿದೆ. ಜೀಪಿನವರಿಗೆ 'ಸಿಪ್ಪೆಯ ಹತ್ರ ನಿಲ್ಲಿಸಿ' ಎಂದರೆ ಸಾಕು.

"ಒಂದು ಕಡ್ಡಿಯೂ ಹೆಚ್ಚಿಗೆ ಇಲ್ಲೆ ಹೇಳಿ ಬರೆ," ಎಂದು ಅಪ್ಪ ಮನೆಮಾತಿನಲ್ಲಿ ಹೇಳಿದರು.

"ಶೆಡ್ಡಿನ ಹಿಂದೆ ಇಪ್ಪದು?"

"ಅದು ಉಳುದ್ದಲ್ಲ ಮಗಳೆ, ಮಡುಗಿದ್ದು. ಒಂದರಿ ಬರದು ಕೊಟ್ರೆ ಮತ್ತೆ ವರ್ಷ ವರ್ಷ ಲಾರಿ ಬಂದು ನಿಲ್ಲುಗು. ನವಗೆಂತಕೆ ಆ ಉಪದ್ರ?"

ಹನ್ನೊಂದನೇ ಕಾಲಂನಲ್ಲಿ 'ಇಲ್ಲ' ಎಂದು ಬರೆದೆ. ಕಣ್ಣಾರೆ ಕಂಡದ್ದನ್ನು ಬಿಟ್ಟು ಹೇಳಿದ್ದನ್ನೇ ಬರೆದದ್ದು ಎರಡೂ ಕಡೆ ಒಂದೇ. ಆದರೆ ಒಂದು ಕಡೆ ಕಳಕೊಳ್ಳುವವರು ಬೇರೆಯವರು.

ಮಾರ್ಚಿನಲ್ಲಿ ಶಾಲೆಯ ಹಾಲಿನಲ್ಲಿ ಗ್ರಾಮಸಭೆ ಸೇರಿತು. ಪಟ್ಟಿ ಮಲಯಾಳದಲ್ಲಿತ್ತು. ಕನ್ನಡದಲ್ಲಿ ಓದಿ ಹೇಳಲು ಧನರಾಜ್ ನನ್ನನ್ನೇ ನಿಲ್ಲಿಸಿದರು. ಅಪ್ಪ ಎರಡನೇ ಸಾಲಿನ ಬೆಂಚಿನಲ್ಲಿ ಕುಳಿತಿದ್ದರು. ಬಾಗಿಲ ಬಳಿ ಹೆಂಗಸರ ನಡುವೆ ಅಮ್ಮು. ಮಡಚಿದ ಬಲೆ ಕಂಕುಳಲ್ಲಿತ್ತು. ಗುಡ್ಡೆಯಿಂದ ನೇರ ಬಂದಿದ್ದರು ಎಂದು ಕಾಣುತ್ತದೆ.

ವಾರ್ಡಿನ ಮೆಂಬರ್ ಮುದ್ದಣ್ಣ ಮೊದಲೇ ಸಂಗತಿ ಬಿಡಿಸಿ ಹೇಳಿದರು. ಈ ವಾರ್ಡಿನಿಂದ ಇಷ್ಟು ಟನ್ ಕೊಡುವುದೆಂದು ಪಂಚಾಯತು ಒಪ್ಪಿಯಾಗಿದೆ. ಮನೆಗಳಿಂದ ಅಷ್ಟು ಸಿಗುವ ಹಾಗೆ ಕಾಣುವುದಿಲ್ಲ. ಹಾಗಾಗಿ ಗುಡ್ಡೆಯ ತರಗೆಲೆಯನ್ನು ಕಾರ್ಖಾನೆಗೆ ಬಿಟ್ಟುಕೊಡುವುದು. ಅವರು ಬೇಲಿ ಹಾಕಿ ಮೆಷಿನ್ ತರುತ್ತಾರೆ. ಆಮೇಲೆ ಯಾರೂ ಒಳಗೆ ಹೋಗುವಂತಿಲ್ಲ. ಗುಡ್ಡೆಯ ಎಲೆ ಯಾರೂ ಉಪಯೋಗಿಸುವುದಿಲ್ಲ ಎಂದು ಸರ್ವೆ ಹೇಳುತ್ತದೆ. ತಕರಾರು ಇದ್ದರೆ ಇವತ್ತೇ ಹೇಳಬೇಕು.

ನಾನು ಓದತೊಡಗಿದೆ. ಉಳಿಕೆ ಇಲ್ಲ. ಉಳಿಕೆ ಇಲ್ಲ. ಉಳಿಕೆ ಇಲ್ಲ. ತೋಟವಿದ್ದ ಮನೆಗಳೆಲ್ಲ ಹಾಗೆಯೇ ಬರೆಸಿದ್ದವು. ಎರಡನೇ ಹಾಳೆಯ ನಡುವಿನಲ್ಲಿ ಅಮ್ಮುವಿನ ಹೆಸರು ಬಂತು.

"ಗುಡ್ಡೆಯ ತರಗೆಲೆ. ಉಪಯೋಗ ಸೊನ್ನೆ. ಉಳಿಕೆ ಪೂರ್ತಿ."

ಹೆಂಗಸರ ಕಡೆಯಿಂದ ಯಾರೋ, "ಎಂತ ಅಮ್ಮು, ನಿನ್ನ ದನ ಈಗ ಬೆಡ್‌ಶೀಟಿನ ಮೇಲೆ ಮಲಗುವುದಾ?" ಎಂದರು. ಹಾಲ್ ನಕ್ಕಿತು. ಅಮ್ಮು ಎದ್ದು ನಿಂತರು.

"ಮೇಡಂ ಬರೆದದ್ದು ಸರಿ ಉಂಟು," ಎಂದರು. "ನಾನು ಹಾಗೆಯೇ ಹೇಳಿದ್ದು. ಫಾರೆಸ್ಟಿನವರು ಅಂತ ಹೆದರಿ ಸುಳ್ಳು ಹೇಳಿದೆ. ಅವರದ್ದು ಎಂತ ತಪ್ಪಿಲ್ಲ. ಆದ್ರೆ ಮುದ್ದಣ್ಣಾ, ಎಲೆ ಇಲ್ಲದಿದ್ರೆ ನಾನು ದನ ಮಾರಬೇಕಾಗ್ತದೆ."

"ಅಂದು ಇಲ್ಲ ಅಂತ ಬರೆಸಿ ಇವತ್ತು ಉಂಟು ಅಂದ್ರೆ ಹೇಗೆ ಮಾರಾಯ್ತಿ?" ಎಂದು ಮುದ್ದಣ್ಣ ಹಣೆ ಒತ್ತಿಕೊಂಡರು. "ಮೇಡಂ, ನಿಮಗೆ ಎಂತಾದ್ರೂ ಹೇಳ್ಲಿಕ್ಕುಂಟಾ?"

ಅಮ್ಮು ನನ್ನ ಪರವಾಗಿ ನಿಂತೇ ಇದ್ದರು. ಅದನ್ನು ನೋಡಿ ನನಗೆ ತಾಳಲಾಗಲಿಲ್ಲ.

"ನಾನು ಬಲೆ ನೋಡಿದ್ದೆ," ಎಂದೆ. "ಹಟ್ಟಿ, ಸುಡುಮಣ್ಣು ಎಲ್ಲ ನೋಡಿದ್ದೆ. ಅವರು ಹೆದರಿದ್ದೂ ಗೊತ್ತಿತ್ತು. ಆದರೂ ಸೊನ್ನೆ ಬರೆದೆ. ತಪ್ಪು ನನ್ನದು."

ಧನರಾಜ್ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಹಿಂದಿನ ಬೆಂಚಿನಿಂದ, "ಹೀಗೆ ಒಪ್ಪಿಕೊಳ್ಳುವವರು ಬೇಕು ನೋಡಿ," ಎಂದು ಒಬ್ಬರು ಹೇಳಿದರು. ಕೆಲವರು ತಲೆಯಾಡಿಸಿದರು. ನನಗೆ ಎದೆ ಹಗುರವಾಯಿತು. ಆ ಕ್ಷಣ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು ಎಂಬುದನ್ನೂ ಇಲ್ಲಿ ಮುಚ್ಚಿಡಲಾರೆ.

ಮುದ್ದಣ್ಣ ತಮ್ಮ ಎದುರಿದ್ದ ಪಟ್ಟಿಯ ಪ್ರತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆಯ್ತು. ಗುಡ್ಡೆ ಬಿಡುವ. ನನಗೇನು ಹಟ ಇಲ್ಲ. ಆದ್ರೆ ಟನ್ ಎಲ್ಲಿಂದ ತರುವುದು? ಮನೆಗಳವರೆಲ್ಲ ಇಲ್ಲ ಅಂದಿದ್ದಾರೆ. ನಾಲ್ಕು ಮನೆಯ ಸಿಪ್ಪೆ ಸಿಕ್ಕಿದ್ರೂ ಸಾಕಿತ್ತು. ಮುಂದಿನದ್ದು ಓದಿ ಮೇಡಂ, ನೋಡುವ."

ಮುಂದಿನ ಸಾಲು ನಮ್ಮ ಮನೆಯದು.

ಹಾಲಿನಲ್ಲಿದ್ದ ಪ್ರತಿಯೊಬ್ಬರೂ ಆ ಬೆಳಿಗ್ಗೆ ನಮ್ಮ ಸಿಪ್ಪೆಯ ರಾಶಿಯನ್ನು ದಾಟಿ ಬಂದವರು. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸುತ್ತಿದ್ದರು. ಕಾಗದದಲ್ಲಿದ್ದದ್ದು ಒಂದೇ ಶಬ್ದ. ಅದರ ಬದಲು ಇನ್ನೊಂದು ಶಬ್ದ ಹೇಳಿದ್ದರೆ ಆಗುತ್ತಿತ್ತು. ಈಗಷ್ಟೇ ತಪ್ಪೊಪ್ಪಿಕೊಂಡ ಬಾಯಿಗೆ ಅದು ಕಷ್ಟವೂ ಆಗಬಾರದಿತ್ತು.

"ಜನಾರ್ದನ ಭಟ್ಟ," ಎಂದು ಓದಿದೆ. "ಉಳಿಕೆ ಇಲ್ಲ."

ಯಾರೂ ನಗಲಿಲ್ಲ. ದನದ ಬಗ್ಗೆ ತಮಾಷೆ ಮಾಡಿದ ಹೆಂಗಸೂ ನೆಲ ನೋಡಿದರು. ಅಪ್ಪ ಊರಿಗೆ ಬೇಕಾದವರು. ಅವರ ಮುಖ ಉಳಿಸಲು ಊರೇ ಸೇರಿ ಸುಮ್ಮನಾಯಿತು. ಅಂಥ ಮೌನದ ಮರ್ಯಾದೆ ಅಮ್ಮುವಿಗೆ ಸಿಕ್ಕಿರಲಿಲ್ಲ. ಮುದ್ದಣ್ಣ ನನ್ನ ಮುಖವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಹೀಗೆ ಮಾಡುವ," ಎಂದರು. ಗುಡ್ಡೆ ಕಾರ್ಖಾನೆಗೆ. ಅಮ್ಮುವಿನ ಮನೆಯ ನೇರಕ್ಕೆ ಕೆಳಗಿನ ಒಂದು ಸಣ್ಣ ಪಟ್ಟಿ ಜಾಗ ಮಾತ್ರ ಬೇಲಿಯ ಹೊರಗೆ. ಅಲ್ಲಿರುವುದು ನಾಲ್ಕೋ ಐದೋ ಗೇರುಮರ. ಯಾರೂ ತಕರಾರು ಹೇಳಲಿಲ್ಲ.

ಸಭೆ ಮುಗಿದು ಹೊರಗೆ ಬಂದಾಗ ಅಮ್ಮು ನಲ್ಲಿಯ ಹತ್ತಿರ ನನಗಾಗಿ ಕಾಯುತ್ತಿದ್ದರು.

"ಕೆಳಗಿನ ಪಟ್ಟಿಯಾದ್ರೂ ಸಿಕ್ಕಿತಲ್ಲ. ಅಷ್ಟು ಜನರ ಎದುರು ನೀವು ತಪ್ಪು ಅಂತ ಹೇಳಿದ್ರಿ, ದೊಡ್ಡ ಮನಸ್ಸು," ಎಂದರು. ಮಾತಿನಲ್ಲಿ ಕೊಂಕು ಇರಲಿಲ್ಲ; ನಾನು ಹುಡುಕಿದೆ. "ನೀವು ಭಟ್ರ ಮಗಳು ಅಂತ ಹತ್ರ ಕೂತವರು ಹೇಳಿ ಈಗ ಗೊತ್ತಾದದ್ದು. ಮೊದ್ಲೇ ಹೇಳಿದ್ರೆ ನಾನು ಹೆದರ್ತಾ ಇರ್ಲಿಲ್ಲ."

ನಾನು ನಲ್ಲಿ ತಿರುಗಿಸಿ ಕೈ ತೊಳೆದೆ. ಕೈ ಕೊಳೆಯಾಗಿರಲಿಲ್ಲ.

"ಒಂದು ಕೇಳ್ಲಾ?" ಎಂದು ಅಮ್ಮು ದನಿ ತಗ್ಗಿಸಿದರು. "ನಿಮ್ಮ ಶೆಡ್ಡಿನ ಹಿಂದೆ ಸಿಪ್ಪೆ ಉಂಟಲ್ಲ. ಅಡಿಯದ್ದು ಕೊಳೆತು ಹೋಗಿದೆ, ಮೇಲಿನದ್ದು ಸುಡುಮಣ್ಣಿಗೆ ಆಗ್ತದೆ. ಎಲೆ ಸಾಲದಿದ್ರೆ ವಾರಕ್ಕೆ ಒಂದು ಬಲೆ ತಕ್ಕೊಂಡು ಹೋಗ್ಬಹುದಾ? ಯಾರಿಗೂ ಹೇಳುವುದಿಲ್ಲ."

ಅಪ್ಪ ಗೇಟಿನ ಹತ್ತಿರ ಕೊಡೆ ಬಿಡಿಸಿ ನಿಂತು ನನ್ನ ಕಡೆ ನೋಡಿದರು.

"ಅಪ್ಪನ ಹತ್ರ ಕೇಳಿ ಹೇಳ್ತೇನೆ," ಎಂದೆ.

"ಆಯ್ತು, ನಿಧಾನಕ್ಕೆ ಕೇಳಿ," ಎಂದರು ಅಮ್ಮು. ಕಂಕುಳಲ್ಲಿದ್ದ ಬಲೆಯನ್ನು ಇನ್ನೊಂದು ಸುತ್ತು ಸಣ್ಣಗೆ ಮಡಚಿ, ಬಿಸಿಲಿಗೆ ತೋರ್ತನ್ನು ತಲೆಗೆಳೆದುಕೊಂಡು ಗುಡ್ಡೆಯ ದಾರಿ ಹಿಡಿದರು.