ಪರಂಗಿಕಾಯಿ ಸವರಿದ ಮಾಂಸ

ಹಸಿ ಪರಂಗಿಕಾಯಿಯ ವಾಸನೆ, ಸಿಪ್ಪೆ ಸಮೇತ ಅರೆದದ್ದು, ಬೆರಳ ಸಂದಿಯಲ್ಲೆಲ್ಲ ಅಂಟಂಟು — ಕಬಾಬಿನ ಮಾಂಸಕ್ಕೆ ಸವರುತ್ತ ಜಹನಾರಾ ಒಳಗೊಳಗೇ ನಕ್ಕಳು, ಅಮ್ಮಿಯ ಅಡುಗೆಮನೆಯಲ್ಲಿರುವುದೂ ಇದೇ, ದೊಮ್ಮಲೂರಿನ ಲ್ಯಾಬಿನಲ್ಲಿ ತಾನು ಅಳೆಯುವುದೂ ಇದನ್ನೇ, ಪ್ರೋಟೀನ್ ಕತ್ತರಿಸುವ ಕಿಣ್ವ, ಇಲ್ಲಿ ಮಾಂಸ ಮೆತ್ತಗಾಗುತ್ತದೆ, ಅಲ್ಲಿ ಅಂಡಾಶಯದ ಗಡ್ಡೆ ತನ್ನ ಸುತ್ತಲಿನ ಗೋಡೆಯನ್ನೇ ಮೆತ್ತಗೆ ಮಾಡಿಕೊಂಡು ಹೊಟ್ಟೆಯೆಲ್ಲ ಹರಡುತ್ತದೆ, ಕಿಣ್ವ ಹೆಚ್ಚಿದ್ದರೆ ಗಡ್ಡೆ ಕೆಟ್ಟದ್ದು, ಇಷ್ಟೇ ತಾನೇ ತನ್ನ ಥೀಸಿಸ್ಸು — ಅಮ್ಮಿಯ ಗಡ್ಡೆ ಮಾತ್ರ ಒಳ್ಳೆಯದು, ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ಐಸ್ ಡಬ್ಬಿ ಹಿಡಿದು ನಿಂತು ತಂದ ಚೂರು, ಅರೆದು ನೋಡಿದರೆ ಕಿಣ್ವವಿದ್ದರೆ ಏರುವ ಬಣ್ಣವೇ ಏರಲಿಲ್ಲ, ಕಿಣ್ವವೇ ಇಲ್ಲ, ಯಾ ಅಲ್ಲಾ, ಎಂಥಾ ಸಂತೋಷ! ಆಸ್ಪತ್ರೆ ರಿಪೋರ್ಟ್ ಬರೋವರ್ಗೂ ಬಾಯ್ಮುಚ್ಕೊಂಡಿರಮ್ಮ, ನಮ್ಮದು ಇನ್ನೂ ಬರೀ ರಿಸರ್ಚು, ಅಂದಿದ್ದರು ಗೈಡ್ ಶಾಂತಕುಮಾರಿ ಮೇಡಂ, ಬಾಯಿ ಎಲ್ಲಿ ನಿಲ್ಲುತ್ತದೆ, ಅಂದು ಸಂಜೆಯೇ ಶಿವಾಜಿನಗರದಲ್ಲಿ ಬಸ್ಸಿಳಿದವಳೇ ಓಡಿ ಬಂದು ಹೇಳಿಬಿಟ್ಟಳು, ಅಮ್ಮೀ, ನಿಮಗೇನೂ ಆಗಲ್ಲ.

ಅಯ್ಯೋ ಬೇಟಿ, ಮತ್ತೆ ಉಪ್ಪಾ, ಈಗ ತಾನೇ ಹಾಕಿದ್ಯಲ್ಲಾ — ಹೊಲಿಗೆ ಹಾಕಿದ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಅಮ್ಮಿ ನಗುತ್ತಾಳೆ, ನಿನ್ ಕೈಗೆ ಕಣ್ಣೇ ಬೇಡ, ಅದರ ಪಾಡಿಗೆ ಅದು ಹೋಗತ್ತೆ — ಹೌದು, ಅದರ ಪಾಡಿಗೆ ಅದು, ಆ ದಿನ ಚೂರನ್ನು ಅರೆಯುವಾಗ ಕೈ ಹೋದದ್ದು ಯಾವ ಸೀಸೆಗೆ? ಲ್ಯಾಬಿನಲ್ಲಿ ದಿನಾ ಏನು ಅರೆದರೂ ಮೊದಲು ಇನ್‌ಹಿಬಿಟರ್, ಕಿಣ್ವದ ಬಾಯಿಗೆ ಬೀಗ ಹಾಕುವ ಮದ್ದು, ಇಲ್ಲದಿದ್ದರೆ ಪ್ರೋಟೀನೆಲ್ಲ ಚೂರುಚೂರಾಗಿ ಹಾಳು, ಎಲ್ಲರ ಕೈಗೂ ಅಂಟಿದ ಅಭ್ಯಾಸ — ಕಿಣ್ವವನ್ನೇ ಅಳೆಯುವ ದಿನ ಮಾತ್ರ ಅದನ್ನು ಮುಟ್ಟಬಾರದು, ಮುಟ್ಟಿದಳು, ಅಮ್ಮಿಯದು ಹಾಳಾಗಬಾರದು ಅಂತ ಒಂದೆರಡು ಹನಿ ಹೆಚ್ಚೇ ಹಾಕಿದಳು, ತಾನೇ ಬೀಗ ಜಡಿದು, ಬಾಯೇ ಇಲ್ಲ ಅಂತ ಮನೆಗೆಲ್ಲ ಸಾರಿದಳು, ಓದಿ ಓದಿ ಮರುಳಾದವಳು, ಕತ್ತೆ! ಆಸ್ಪತ್ರೆ ರಿಪೋರ್ಟ್ ಇನ್ನೂ ಬಂದಿಲ್ಲ, ಗಡ್ಡೆ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಿಲ್ಲ, ಹೇಳಬೇಕು, ಈಗಲೇ, ಅಮ್ಮೀ, ಒಂದು ಮಾತು — ನಾನೂ ಒಂದ್ ಮಾತ್ ಹೇಳ್ಬೇಕು ಬೇಟಿ, ಬೈಬೇಡ, ಆಪರೇಷನ್‌ಗೆ ಮುಂಚೆ ಸತ್ರೆ ನನಗೇ ಸುತ್ತೋಕೆ ಅಂತ ಕಫನ್ ಬಟ್ಟೆ ತಂದಿಟ್ಕೊಂಡಿದ್ದೆ, ಆಮೇಲೆ ನೀವೆಲ್ಲ ಓಡಾಡೋದ್ ಬೇಡ ಅಂತ, ಹೋದ ವಾರ ಪಕ್ಕದ ಮನೆ ಶಂಶುನ್ನೀಸಾ ಅತ್ತೆ ತೀರ್ಕೊಂಡ್ರಲ್ಲ, ಎತ್ಕೊಟ್ಬಿಟ್ಟೆ, ನೀನು ಹೇಳಿದ್ಮೇಲೆ ಇನ್ನು ನನಗ್ಯಾಕೆ ಅದು — ಬಿಳಿ ಬಟ್ಟೆ, ಹೇಳಬೇಕು, ಆಸ್ಪತ್ರೆಗೆ ಹೋಗುವ ಮುಂಚೆ ಅಮ್ಮಿ ಒಬ್ಬಳೇ ಅಂಗಡಿಗೆ ಹೋಗಿ, ಬಿಳಿ ಬಟ್ಟೆ, ಹೇಳು ಜಹನಾರಾ, ಅಂಗಡಿಯವನ ಮುಂದೆ ನೆಟ್ಟಗೆ ನಿಂತು, ತನ್ನ ಎತ್ತರಕ್ಕೇ ಅಳೆಸಿ ತಂದ ಬಿಳಿ ಬಟ್ಟೆ