ಎರಡೂ ತಂಡಕ್ಕೆ ಸೇರದವಳ ಬಾವುಟ

ಪೆತ್ರಾವೆಲ್ಲಾ ಊರಿನಲ್ಲಿ ಗಂಡಸರೆಂದರೆ ಎರಡೇ ಜಾತಿ: ಬ್ರಹ್ಮಚಾರಿಗಳು ಮತ್ತು ಸಂಸಾರಸ್ಥರು. ವರ್ಷವಿಡೀ ಒಂದೇ ಬಾರಿನಲ್ಲಿ ಕೂತು ಒಂದೇ ಕಾಫಿ ಕುಡಿಯುವ ಇವರು, ದ್ರಾಕ್ಷಿ ಕೊಯ್ಲಿಗೆ ಮುಂಚಿನ ಭಾನುವಾರ ಮಾತ್ರ ಚರ್ಚಿನ ಹಿಂದಿನ ಮೈದಾನದಲ್ಲಿ ಎದುರುಬದುರು ನಿಂತು ಫುಟ್‌ಬಾಲ್ ಆಡುತ್ತಾರೆ. ಸೋತವರು ಗೆದ್ದವರಿಗೆ ಹಂದಿ ಸುಟ್ಟು ಬಡಿಸಬೇಕು. ರೆಫರಿ ಪಾದ್ರಿ ದೋನ್ ಎಲಿಜಿಯೋ, ಏಕೆಂದರೆ ಅವರು ಎರಡೂ ಕಡೆಗೆ ಸೇರಿದವರಲ್ಲ. ಗೆರೆಯ ಪಕ್ಕ ಬಾವುಟ ಹಿಡಿಯುವ ಕೆಲಸ ಇಬ್ಬರು ವಿಧುರರದ್ದು. ಅವರೂ ಅಷ್ಟೇ, ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಬ್ರಹ್ಮಚಾರಿಗಳ ಫಾರ್ವರ್ಡ್ ಎರ್ಮೆತೆ. ವಯಸ್ಸು ನಲವತ್ತು ದಾಟಿತ್ತು, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು, ತಲೆಗೆ ಮಾತ್ರ ಹದಿನೆಂಟರ ಹುಡುಗನಂತೆ ಜೆಲ್ ಮೆತ್ತಿಕೊಳ್ಳುತ್ತಿದ್ದ. ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಓರ್ನೆಲ್ಲಾಳ ಜೊತೆ ಅವನ ನಿಶ್ಚಿತಾರ್ಥವಾಗಿ ಹನ್ನೊಂದು ವರ್ಷ. ಉಂಗುರ ತೊಡಿಸಿದ ಸಂಜೆಯೇ ಮಹಾನುಭಾವ ಬಾರಿನಲ್ಲಿ ಎದೆ ತಟ್ಟಿಕೊಂಡು ಆಣೆ ಹಾಕಿದ್ದ. "ನಮ್ಮ ಬ್ರಹ್ಮಚಾರಿಗಳು ಒಂದೇ ಒಂದ್ಸಲ ಗೆಲ್ಲಲಿ, ಮುಂದಿನ ಭಾನುವಾರಾನೇ ಮದುವೆ! ಸೋತ ತಂಡಾನ ನಡುನೀರಲ್ಲಿ ಬಿಟ್ಟು ಹೋಗೋ ಗಂಡಸಲ್ಲ ನಾನು!" ಬಾರಿನವರೆಲ್ಲ ಚಪ್ಪಾಳೆ ತಟ್ಟಿದ್ದರು. ಓರ್ನೆಲ್ಲಾ ಕೂಡ ತಟ್ಟಿದ್ದಳು, ಪಾಪ.

ಅಲ್ಲಿಂದೀಚೆಗೆ ಬ್ರಹ್ಮಚಾರಿಗಳು ಗೆದ್ದಿಲ್ಲ. ಹೇಗೆ ಗೆದ್ದಾರು? ಚೆಂಡಿಗೆ ನೆಟ್ಟಗೆ ಒದೆಯಲು ಬರುವವನಿಗೆಲ್ಲ ಹೆಣ್ಣು ಸಿಕ್ಕಿ, ಮರುವರ್ಷ ಅವನು ಆ ಕಡೆ ನಿಂತಿರುತ್ತಿದ್ದ. ಉಳಿದವರು ಮೀಸೆ ಮೂಡದ ಹುಡುಗರು ಮತ್ತು ಎರ್ಮೆತೆ. ಹೋದ ವರ್ಷ ಪೆನಾಲ್ಟಿ ಸಿಕ್ಕಾಗ ಅವನು ಚೆಂಡನ್ನು ಚರ್ಚಿನ ಗಂಟೆಗೋಪುರದತ್ತ ಒದ್ದ. ಓರ್ನೆಲ್ಲಾ ಆ ರಾತ್ರಿ ಅತ್ತಳು, ಅವನ ದುರದೃಷ್ಟಕ್ಕೆ.

ಈ ವರ್ಷ ಒಂದು ಅವಾಂತರವಾಯಿತು. ಬಾವುಟ ಹಿಡಿಯುತ್ತಿದ್ದವರಲ್ಲೊಬ್ಬ, ಕ್ಷೌರದಂಗಡಿಯ ಮುದುಕ ಸೆಸ್ತೋ, ಇದ್ದಕ್ಕಿದ್ದಂತೆ ಮರುಮದುವೆಯಾಗಿ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಸಂಸಾರಸ್ಥರ ತಂಡಕ್ಕೆ ಹಾರಿದ. ಆಟಕ್ಕೆ ವಾರವಿದೆ, ಒಂದು ಬಾವುಟಕ್ಕೆ ಜನವಿಲ್ಲ. ಬಾರಿನಲ್ಲಿ ದೋನ್ ಎಲಿಜಿಯೋ ತಲೆ ಕೆರೆದುಕೊಂಡರು. "ಎರಡೂ ಕಡೆಗೆ ಸೇರದವರು ಯಾರಪ್ಪಾ ಇದಾರೆ ಈ ಊರಲ್ಲಿ?"

"ಯಾಕೆ, ನಮ್ಮ ಓರ್ನೆಲ್ಲಾ ಇಲ್ವಾ?" ಎಂದ ಎರ್ಮೆತೆ. "ಮದುವೆನೂ ಆಗಿಲ್ಲ, ಬಿಟ್ಟೂ ಇಲ್ಲ. ಅವಳಿಗಿಂತ ನಡುವೆ ಇರೋರು ಯಾರು ಸಿಗ್ತಾರೆ ನಿಮಗೆ?"

ಬಾರಿಗೆ ಬಾರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದ ಮೇಜಿನಲ್ಲೇ ಕಾಫಿ ಕುಡಿಯುತ್ತಿದ್ದ ಓರ್ನೆಲ್ಲಾಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ಕಾಫಿ ಬಟ್ಟಲು ಕೆಳಗಿಟ್ಟು, "ಕೊಡಿ, ಹಿಡೀತೀನಿ," ಎಂದಳು.

"ಆಟ ಅಂದ್ರೇನು ಗೊತ್ತೇನೇ ನಿಂಗೆ? ಬಾ ಇಲ್ಲಿ, ಕಲಿಸ್ತೀನಿ." ಎರ್ಮೆತೆ ಗತ್ತಿನಿಂದ ಮೇಜು ಒರೆಸಿ ಪಾಠ ಶುರು ಮಾಡಿದ. ಉಪ್ಪಿನ ಡಬ್ಬಿ ಗೋಲ್‌ಕೀಪರ್. "ಇವನೊಬ್ಬನೇ ಚೆಂಡು ಕೈಲಿ ಮುಟ್ಬೋದು, ಅದೂ ಈ ಚೌಕದೊಳಗೆ ಮಾತ್ರ." ಅದರ ಮುಂದೆ ಆಲಿವ್ ಕಾಯಿಗಳು, ಡಿಫೆಂಡರುಗಳು. ಸಕ್ಕರೆ ಪೊಟ್ಟಣಗಳು ನಡುವೆ ಓಡಿ ಓಡಿ ಸಾಯುವವರು. ಕೊನೆಗೆ ತನ್ನ ಬಿಯರ್ ಲೋಟವನ್ನೇ ತಂದು ಉಪ್ಪಿನ ಡಬ್ಬಿಯ ಎದುರಿಗಿಟ್ಟ. "ಇದು ಫಾರ್ವರ್ಡ್. ಇದು ನಾನು."

"ಆ ಲೋಟ ಆಲಿವ್‌ಗಳನ್ನ ದಾಟಿ ಅಲ್ಲೇ ನಿಂತ್ಕೊಂಡು ಚೆಂಡು ಬರ್ಲಿ ಅಂತ ಕಾಯ್ಬೋದಾ?"

"ಅದೇ ಆಫ್‌ಸೈಡು! ನಮ್ಮವನು ಚೆಂಡು ಒದ್ದ ಗಳಿಗೇಲಿ, ಚೆಂಡಿಗಿಂತ ಮುಂದೆ ನಾನಿದ್ದು, ನನಗೂ ಗೋಲ್ ಗೆರೆಗೂ ನಡುವೆ ಎದುರಾಳಿ ಒಬ್ಬನೇ ಇದ್ದು, ಆಮೇಲೆ ನಾನು ಆ ಚೆಂಡು ಮುಟ್ಟಿದ್ರೆ, ನೀನು ಬಾವುಟ ಎತ್ಬೇಕು. ಗೋಲಾದ್ರೂ ಲೆಕ್ಕಕ್ಕಿಲ್ಲ." ಅವನು ಬೆರಳು ಆಡಿಸಿದ. "ಆದ್ರೆ ಗೆರೆಯಾಚೆ ಹೋದ ಚೆಂಡನ್ನ ಕೈಯಲ್ಲಿ ಒಳಗೆಸೀತಾರಲ್ಲ, ಥ್ರೋ, ಅದ್ರಲ್ಲಿ ಮಾತ್ರ ಆಫ್‌ಸೈಡ್ ಅನ್ನೋದೇ ಇಲ್ಲ. ಎಲ್ಲಿ ನಿಂತ್ರೂ ಸೈ. ಆದ್ರೆ ಥ್ರೋ ಯಾರಿಗೂ ತಾಗದೆ ನೇರ ಒಳಗೆ ಹೋದ್ರೆ ಗೋಲಲ್ಲ. ಹೆಂಗಸರು ಮರೆಯೋದೇ ಇದನ್ನ. ಹೇಳು ನೋಡೋಣ?"

"ಥ್ರೋದಲ್ಲಿ ಆಫ್‌ಸೈಡ್ ಇಲ್ಲ," ಎಂದು ಓರ್ನೆಲ್ಲಾ ಒಪ್ಪಿಸಿದಳು. ಬಾರಿನವರು ಚಪ್ಪಾಳೆ ತಟ್ಟಿದರು.

ಭಾನುವಾರ ಬಂತು. ಮೈದಾನದ ಸುತ್ತ ಊರಿಗೆ ಊರೇ ಕುರ್ಚಿ ಹಾಕಿಕೊಂಡು ಕೂತಿತ್ತು. ಎರ್ಮೆತೆಯ ತಾಯಿ ಪಾಲ್ಮಿರಾ ಜಪಮಾಲೆ ತಿರುಗಿಸುತ್ತಾ ಮುಂದಿನ ಸಾಲಿನಲ್ಲಿದ್ದಳು. ಅದೇನು ಪವಾಡವೋ, ಹುಡುಗರು ಈ ಸಲ ಚಿಗರೆಗಳಂತೆ ಓಡಿದರು. ಸಂಸಾರಸ್ಥರು ಅರ್ಧ ಆಟಕ್ಕೇ ಏದುಸಿರು ಬಿಟ್ಟು, ಹೆಂಡತಿಯರ ಕೈಯಿಂದ ನೀರು ಕುಡಿಯತೊಡಗಿದರು. ಎರಡೂ ಕಡೆ ಎರಡೆರಡು ಗೋಲು. ಇನ್ನೊಂದು ಬಿದ್ದರೆ ಗೆಲುವು, ಗೆಲುವಾದರೆ ಮದುವೆ. ಓರ್ನೆಲ್ಲಾ ಬಾವುಟದ ಕೋಲು ಬಿಗಿಹಿಡಿದು ಗೆರೆಯುದ್ದಕ್ಕೂ ಚೆಂಡಿನ ಜೊತೆ ಓಡಿದಳು.

ಇಷ್ಟು ವರ್ಷ ಅವಳು ದೂರದ ಕುರ್ಚಿಯಿಂದ ನೋಡಿದ್ದಳು. ಗೆರೆಯ ಮೇಲೆ ನಿಂತು ನೋಡಿದ್ದು ಇದೇ ಮೊದಲು. ಐವೋ ಎಂಬ ಹುಡುಗ ಚೆಂಡು ತಂದು ಒದೆಯಲು ಕಾಲೆತ್ತಿದ. ಎರ್ಮೆತೆ ಕೊರಳು ತಿರುಗಿಸಿ ಡಿಫೆಂಡರುಗಳನ್ನು ನೋಡಿದ, ಆಮೇಲೆ ಲೆಕ್ಕ ಹಾಕಿದವನಂತೆ ಅವರನ್ನು ದಾಟಿ ಎರಡು ಹೆಜ್ಜೆ ಆಚೆ ಇಟ್ಟ. ಚೆಂಡು ಬಂತು, ಒಳಗೆ ಒದ್ದ. ಆಫ್‌ಸೈಡ್! ಓರ್ನೆಲ್ಲಾ ಹಲ್ಲು ಕಚ್ಚಿ ಬಾವುಟ ಎತ್ತಿದಳು. ಅವನು ಅಯ್ಯೋ ಎಂದು ತಲೆ ಚಚ್ಚಿಕೊಂಡ. ಎರಡನೇ ಸಲವೂ ಅದೇ: ತಿರುಗಿ ನೋಡಿದ, ಎರಡು ಹೆಜ್ಜೆ ಆಚೆ ಇಟ್ಟ. ಮೂರನೇ ಸಲ ಚೆಂಡು ಒಳಗೆ ಹೋಗುವ ಮೊದಲೇ ಅವಳ ಬಾವುಟದ ಕಡೆ ನೋಡಿದ, ಅದು ಮೇಲೆದ್ದಿದ್ದು ಕಂಡು ನೆಮ್ಮದಿಯ ಉಸಿರು ಬಿಟ್ಟ.

ದಡ್ಡನಲ್ಲ ಇವನು. ಗೆರೆ ಎಲ್ಲಿದೆಯೆಂದು ಈ ಮೈದಾನದಲ್ಲಿ ಇವನಷ್ಟು ಚೆನ್ನಾಗಿ ಬಲ್ಲವರಿಲ್ಲ. ಹನ್ನೊಂದು ವರ್ಷದ ದುರದೃಷ್ಟವೆಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂತು, ಗಂಟೆಗೋಪುರದತ್ತ ಹಾರಿದ ಪೆನಾಲ್ಟಿಯೂ ಬಂತು. ಅವಳಿಗೆ ಅಳು ಬರಲಿಲ್ಲ, ಮೈ ಉರಿಯಿತು.

ಆಟ ಮುಗಿಯಲು ಇನ್ನೊಂದು ಗಳಿಗೆಯಷ್ಟೇ ಇತ್ತು. ಚೆಂಡು ಸೆಸ್ತೋನ ಪಟ್ಟಿ ಕಟ್ಟಿದ ಮೊಣಕಾಲಿಗೆ ಬಡಿದು ಗೆರೆಯಾಚೆ ಹೋಯಿತು. ಐವೋ ಓಡಿಬಂದು ಅದನ್ನೆತ್ತಿ ಬೀಸಿ ಒಳಗೆಸೆದ. ಎರ್ಮೆತೆ ಎಂದಿನಂತೆ ಎಲ್ಲರನ್ನೂ ದಾಟಿ ಗೋಲಿನ ಬಾಯಲ್ಲಿ ನಿಂತು, ಬೆನ್ನು ತಿರುಗಿಸಿ, ಯಾವಳಿಗೋ ಕೈ ಬೀಸುತ್ತಿದ್ದ. ಚೆಂಡು ಬಂದು ಅವನ ತಲೆಯ ಹಿಂಬದಿಗೆ ಫಟ್ಟೆಂದು ಬಡಿದು ಬಲೆಯೊಳಗೆ ಹೋಯಿತು.

ಹುಡುಗರು ಕಿರುಚಿಕೊಂಡು ಅವನ ಮೇಲೆ ಬಿದ್ದರು. ಅವರನ್ನೆಲ್ಲ ಕೊಡವಿಕೊಂಡು ಎರ್ಮೆತೆ ಸೀದಾ ಓರ್ನೆಲ್ಲಾಳ ಕಡೆ ಓಡಿಬಂದ. "ಎತ್ತೇ! ಬಾವುಟ ಎತ್ತು! ಆಫ್‌ಸೈಡಲ್ಲಿದ್ದೆ ನಾನು! ಎಲ್ಲರಿಗಿಂತ ಮುಂದೆ ಇದ್ದೆ, ನಿನ್ನ ಕಣ್ಣೇನು ಕುರುಡಾ?"

ತಾನು ಹೊಡೆದ ಗೋಲು ಬೇಡವೆಂದು ಗೋಗರೆಯುವ ಆಟಗಾರನನ್ನು ಆ ಊರು ಕಂಡಿರಲಿಲ್ಲ. ಏಕೆ ಬೇಡವೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಪಾಲ್ಮಿರಾಳ ಕೈಯಲ್ಲಿ ಜಪಮಾಲೆ ನಿಂತಿತು.

"ಅದು ಥ್ರೋ, ಎರ್ಮೆತೆ," ಎಂದಳು ಓರ್ನೆಲ್ಲಾ. ಬಾವುಟ ಕೆಳಗೇ ಇತ್ತು. "ಥ್ರೋದಲ್ಲಿ ಆಫ್‌ಸೈಡ್ ಇಲ್ಲ. ನೀನೇ ಕಲಿಸಿದ್ದು."

ಅವನ ಮುಖ ಬಿಳುಚಿತು. "ನಂಗೆ... ನಂಗೆ ತಾಗೇ ಇಲ್ಲ ಅದು! ನೇರ ಹೋಯ್ತು!"

ದೋನ್ ಎಲಿಜಿಯೋ ಹತ್ತಿರ ಬಂದು ಅವನ ತಲೆಯ ಹಿಂದೆ ಬಗ್ಗಿ ನೋಡಿದರು. ಜೆಲ್ ಮೆತ್ತಿದ ಕೂದಲ ಮೇಲೆ ಚೆಂಡಿನ ಮಣ್ಣು ದುಂಡಗೆ ಅಂಟಿಕೊಂಡಿತ್ತು. ಅವರು ಸೀಟಿ ಊದಿದರು. ಗೋಲ್! ಹಿಂದೆಯೇ ಇನ್ನೊಂದು ಉದ್ದನೆಯ ಸೀಟಿ. ಆಟ ಮುಗಿಯಿತು.

"ಮದುವೆ! ಮದುವೆ!" ಎಂದು ಹುಡುಗರು ಕುಣಿದರು. ಎರ್ಮೆತೆ ಸುತ್ತಲೂ ನೋಡಿ, ಓಡಲು ದಾರಿಯಿಲ್ಲವೆಂದು ಗೊತ್ತಾಗಿ, ಬೆವರು ಒರೆಸಿಕೊಂಡ. "ಆಯ್ತು ಕಣೇ, ಇನ್ನೇನ್ ಮಾಡೋದು. ಮಾತು ಅಂದ್ಮೇಲೆ ಮಾತು. ಮುಂದಿನ ಭಾನುವಾರ."

ಓರ್ನೆಲ್ಲಾ ಉಂಗುರ ಬಿಚ್ಚಿ ಪಾಲ್ಮಿರಾಳ ಅಂಗೈಯಲ್ಲಿಟ್ಟಳು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ನೀವು ಒಳ್ಳೆಯವರು."

ಆಮೇಲೆ ಬಾವುಟವನ್ನು ಸುತ್ತಿ ದೋನ್ ಎಲಿಜಿಯೋ ಕೈಗೆ ಕೊಟ್ಟಳು. "ಮುಂದಿನ ವರ್ಷ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಫಾದರ್. ನಾನೀಗ ಒಂದು ತಂಡಕ್ಕೆ ಸೇರಿದ್ದೀನಿ."

"ಯಾವ ತಂಡಕ್ಕಮ್ಮಾ?"

"ಬ್ರಹ್ಮಚಾರಿಗಳ ತಂಡಕ್ಕೆ. ಐವೋ, ಆ ಸಂಸಾರಸ್ಥರಿಗೆ ಹಂದಿ ಸುಟ್ಟು ಬಡಿಸೋಕೆ ಹೇಳೋ, ಹಸಿವಾಗ್ತಿದೆ. ಇವತ್ತು ನಾವು ಗೆದ್ದಿದ್ದೀವಿ."