ಬಾಟಲಿ ಹುಡುಗಿ ಬರುವ ಹೊತ್ತು

ಅಲ್ಲ, ಇದು ಅವಳ ಹೆಜ್ಜೆಯಲ್ಲ, ಟ್ರಾಲಿಯ ಚಕ್ರ, ಎಣ್ಣೆ ಕಾಣದ ಚಕ್ರ, ನನ್ನ ಹೊಲಿಗೆ ಮೆಷಿನ್ನು ಹೀಗೆ ಕಿರುಗುಟ್ಟಿದ್ದರೆ ಅವತ್ತೇ ಎಣ್ಣೆ ಬಿಡುತ್ತಿದ್ದೆ — ಅವಳ ಹೆಜ್ಜೆ ಬೇರೆ, ಪಟಪಟ ಅಂತ ಬಂದು ಬಾಗಿಲಲ್ಲಿ ಒಮ್ಮೆ ನಿಲ್ಲುತ್ತದೆ, ಕೈಯಲ್ಲಿರುವ ಐಸ್ ಬಾಕ್ಸ್ ತಾಗದ ಹಾಗೆ ಓರೆಯಾಗಿ ಒಳಗೆ ಬರುತ್ತಾಳೆ, ಬಾಟಲಿ ಹುಡುಗಿ, ಹೆಸರಿಟ್ಟದ್ದು ನಾನೇ, ಈಗ ವಾರ್ಡಿನ ನರ್ಸುಗಳೂ ಹಾಗೇ ಕರೆಯುತ್ತಾರೆ. ಮೊದಲ ದಿನ ಬಂದು ಆಂಟಿ ಅಂದಳು, ಆಂಟಿ ಗೀಂಟಿ ಅಂದ್ರೆ ಸೂಜೀಲಿ ಚುಚ್ತೀನಿ ನೋಡು ಅಂದೆ, ಅಂದಿನಿಂದ ಅಕ್ಕ. ಅಕ್ಕಾ, ಅಂಡಾಶಯದ ಕ್ಯಾನ್ಸರಿಂದ ನಿಮ್ಮ ಹೊಟ್ಟೇಲಿ ನೀರು ತುಂಬಿದೆಯಲ್ಲ, ಡಾಕ್ಟರು ಹೇಗೂ ತೆಗೆದು ಚೆಲ್ತಾರೆ, ಅದನ್ನ ನಮ್ಮ ಲ್ಯಾಬಿಗೆ ಕೊಡ್ತೀರಾ ಅಂದಳು. ಚೆಲ್ಲುವ ನೀರಿಗೂ ಗಿರಾಕಿ! ಈ ವಯಸ್ಸಿಗೆ ನನ್ನಿಂದ ಏನೋ ಬೇಕು ಅಂತ ಒಬ್ಬಳು ಬಂದಳು, ಅದೂ ಬಟ್ಟೆ ಹೊಲಿಸುವುದಕ್ಕಲ್ಲ, ತಗೊಂಡು ಹೋಗು ತಾಯಿ, ಬಕೆಟ್ ತಂದಿದೀಯಾ ಅಂದೆ. ಪಕ್ಕೆಯ ಕೊಳವೆಯಿಂದ ನೀರು ಇಳಿಯುವಷ್ಟು ಹೊತ್ತೂ ಸ್ಟೂಲು ಎಳೆದುಕೊಂಡು ಕೂತಳು, ಅವಸರ ಮಾಡಿದರೆ ತಲೆ ಸುತ್ತುತ್ತದಂತೆ, ನಿಧಾನವಾಗಿ ಇಳಿಯಬೇಕಂತೆ, ಇಳಿಯಲಿ, ನನಗೇನು ರೈಲು ಹಿಡಿಯಬೇಕಿತ್ತೇ. ತುಂಬಿದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು, ಒಣಹುಲ್ಲಿನ ಬಣ್ಣದ ನೀರು, ಕಣ್ಣು ಕಿರಿದು ಮಾಡಿ ನೋಡಿ, ಅಬ್ಬಾ ಅಕ್ಕಾ, ಎಷ್ಟು ಚೆನ್ನಾಗಿದೆ ಅಂದಳು, ನನ್ನದು ಅನ್ನುವ ಯಾವುದನ್ನೂ ಯಾರೂ ಹಾಗೆ ಬೆಳಕಿಗೆ ಹಿಡಿದು ನೋಡಿದ್ದಿಲ್ಲ, ಮನೆಗೆ ಹೋಗಿ ಅದನ್ನೇ ನೆನೆಸಿಕೊಂಡು ತಟ್ಟೆ ತೊಳೆದೆ.

ಅಂಥದ್ದೇನಿದೆಯೇ ಅದರಲ್ಲಿ ಅಂದರೆ ಎಕ್ಸೋಸೋಮ್ ಅಂದಳು, ನನಗೆ ನಾಲಿಗೆ ಹೊರಳಲಿಲ್ಲ, ಪೊಟ್ಟಣ ಅಂದ್ಕೊಳ್ಳಿ ಅಕ್ಕಾ, ಮೈಯಲ್ಲಿರೋ ಜೀವಕೋಶಗಳೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪೊಟ್ಟಣ ಕಟ್ಟಿ ಹೊರಗೆ ಕಳಿಸ್ತವೆ, ಒಳಗೆ ಸುದ್ದಿ ಇರುತ್ತೆ, ಗಡ್ಡೆಯೂ ಕಳಿಸುತ್ತೆ, ನಾನು ಬರ್ತಿದೀನಿ, ಜಾಗ ಮಾಡಿಡಿ ಅಂತ ಅಕ್ಕಪಕ್ಕದೋರಿಗೆ. ನೋಡೇ, ತಮ್ಮ ಅನ್ನಿಸಿಕೊಂಡೋನು ಬದುಕಿದೀಯಾ ಅಂತ ಒಂದು ಫೋನ್ ಮಾಡಲ್ಲ, ಈ ಗಡ್ಡೆಗೆ ಎಷ್ಟು ಬಂಧುಬಳಗ ಅಂದೆ, ನಕ್ಕಳು, ನಕ್ಕು ನಕ್ಕು ಸ್ಟೂಲಿನಿಂದ ಬೀಳುವುದೊಂದು ಬಾಕಿ. ಆಮೇಲೆ ಗಂಭೀರವಾಗಿ, ಈ ಪೊಟ್ಟಣ ಓದೋದು ಸರಿಯಾಗಿ ಬಂದ್ರೆ ಮುಂದೆ ಒಂದು ಚೂರು ರಕ್ತದಲ್ಲೇ ಕಾಯಿಲೆ ಗೊತ್ತಾಗಬಹುದು ಅಕ್ಕಾ, ಹೊಟ್ಟೆ ಉಬ್ಬೋಕೆ ಮೊದಲೇ, ಅಂಥದೇ ಪೊಟ್ಟಣದಲ್ಲಿ ಔಷಧಿ ತುಂಬಿ ಗಡ್ಡೆಗೇ ಕಳಿಸೋದನ್ನೂ ನೋಡ್ತಿದೀವಿ, ಆದ್ರೆ ಇನ್ನೂ ಇಲಿಗಳಲ್ಲಿ ಮಾತ್ರ ಅಂದಳು. ಹೊಟ್ಟೆ ಉಬ್ಬುವುದಕ್ಕೆ ಮೊದಲೇ — ನನ್ನದು ಉಬ್ಬಿದಾಗ ನಾನೇನು ಮಾಡಿದೆ, ಬೇರೆ ಹೆಂಗಸಾಗಿದ್ದರೆ ಬಟ್ಟೆ ಬಿಗಿಯಾಯಿತಲ್ಲ ಅಂತ ಗಾಬರಿಯಾಗುತ್ತಿದ್ದಳು, ನನಗೆ ಬಿಗಿಯೇ ಆಗಲಿಲ್ಲ, ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿದೆ, ಒಳಗೆ ಮಡಚಿಟ್ಟ ಬಟ್ಟೆಯನ್ನು ಬಿಟ್ಟುಕೊಂಡೆ, ಮತ್ತೆ ಹೊಲಿದೆ, ಮತ್ತೆ ಉಬ್ಬಿತು, ಮತ್ತೆ ಬಿಚ್ಚಿದೆ, ಕೂತು ಕೂತು ಬೊಜ್ಜು ಬಂತು ಅಂದುಕೊಂಡೆ, ಬಿಚ್ಚಿದ ಗುರುತೇ ಕಾಣದಷ್ಟು ನೀಟಾಗಿ ಹೊಲಿದಿದ್ದೆ, ನೋಡುವುದಕ್ಕಾದರೂ ಮನೆಯಲ್ಲಿ ಯಾರಿದ್ದರು. ಇದನ್ನು ಅವಳೊಬ್ಬಳಿಗೇ ಹೇಳಿದೆ. ಆಗ ನಗಲಿಲ್ಲ, ನನ್ನ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೂತಳು, ಬಾಟಲಿ ತುಂಬಿತು, ಎದ್ದು ಬೆಳಕಿಗೆ ಹಿಡಿದಳು, ಪ್ರತಿ ಸಲವೂ ಹಿಡಿಯುತ್ತಿದ್ದಳು.

ಇವತ್ತು ಬೆಳಗ್ಗೆ ಸ್ಕ್ಯಾನ್ ನೋಡಿ ಡಾಕ್ಟರು, ಒಂದು ಹನೀನೂ ನೀರಿಲ್ಲಮ್ಮಾ, ಔಷಧಿ ಚೆನ್ನಾಗಿ ಹಿಡಿದಿದೆ ಅಂದರು, ನರ್ಸು ಬೆನ್ನು ತಟ್ಟಿದಳು, ಖುಷಿಯಾಯಿತು, ಸುಳ್ಳೇಕೆ, ಅತ್ತೂ ಬಿಟ್ಟೆ — ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ನೆನಪಾದಳು, ನೀರಿಲ್ಲದಿದ್ದರೆ ಬಾಟಲಿ ಏಕೆ, ಬಾಟಲಿ ಬೇಡದಿದ್ದರೆ ಹುಡುಗಿ ಏಕೆ ಬರುತ್ತಾಳೆ. ಕೇಳಿಬಿಡಬೇಕು, ಸುಮ್ನೆ ಬಾರೇ, ಒಂದು ಗಳಿಗೆ ಕೂತು ಹೋಗು — ಛೇ, ಅಂಗಲಾಚಿದ ಹಾಗಾಗುತ್ತದೆ. ಬೇರೆ ಥರ ಕೇಳಬೇಕು, ನಿನ್ನ ಕೋಟಿನ ಜೇಬು ಹರಿದಿದೆಯಲ್ಲ, ತಂದುಕೊಡು, ಹೊಲಿದಿಡ್ತೀನಿ, ಆಮೇಲೆ ಬಂದು ತಗೊಂಡು ಹೋಗು, ಇದು ಮರ್ಯಾದೆಯ ಮಾತು, ಕೈಗೆ ಡ್ರಿಪ್ ಚುಚ್ಚಿದ್ದರೇನಂತೆ, ಚೀಲದಲ್ಲಿ ಸೂಜಿ ದಾರ ಇದೆ. ಪಟಪಟ. ನಿಂತಿತು. ಓರೆಯಾಗಿ ಬಂದಳು. ಅಕ್ಕಾ, ನೀರೇ ಇಲ್ವಂತೆ! ನನ್ನ ಕೈ ಹಿಡಿದು ಅಲ್ಲಾಡಿಸುತ್ತಾಳೆ, ಐಸ್ ಬಾಕ್ಸ್ ಹಿಡಿದ ಕೈ, ತಣ್ಣಗಿದೆ, ಇನ್ನು ನಿಮ್ಮದು ರಕ್ತ ಒಂದೇ ಸಾಕು ಅಕ್ಕಾ, ಮೂರು ತಿಂಗಳಿಗೊಮ್ಮೆ, ನರ್ಸೇ ತೆಗೆದು ಕಳಿಸ್ತಾರೆ. ಹಾಗಾದ್ರೆ ನೀನು ಬರಲ್ವಾ ಅಂತ ಕೇಳಬೇಕಿತ್ತು, ಬದಲಿಗೆ ಒಳ್ಳೇದಾಯ್ತು ಬಿಡು, ನಿಂಗೂ ಓಡಾಟ ತಪ್ಪಿತು ಅಂದೆ. ಹಾಳು ಬಾಯಿ. ಜೇಬು, ಜೇಬಿನ ಮಾತು ತೆಗಿ — ಜೇಬು ಹರಿದಿಲ್ಲ, ಕೋಟು ಹೊಸದು, ಬಿಳಿ ಬಿಳಿ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಬರ್ತೀನಿ ಅಕ್ಕಾ, ಹುಷಾರು ಅಂದು ಕಿಟಕಿ ಪಕ್ಕದ ಮಂಚಕ್ಕೆ ಹೋದಳು, ಅಲ್ಲಿ ಹೊಸಬಳು, ಇನ್ನೂ ಚಿಕ್ಕವಳು, ಹೊಟ್ಟೆ ಗುಡಾಣದ ಹಾಗಿದೆ, ಬೆಳಗ್ಗೆಯೇ ಕೊಳವೆ ಹಾಕಿದ್ದಾರೆ, ಪರದೆ ಅರ್ಧ ಎಳೆದಿದೆ, ಸ್ಟೂಲು ಎಳೆದ ಸದ್ದು, ಪೊಟ್ಟಣ ಅಂದ್ಕೊಳ್ಳಿ ಅನ್ನುತ್ತಿದ್ದಾಳೆ, ಆ ಹೆಣ್ಣಿಗೆ ನನ್ನ ಹಾಗೆ ತಿರುಗಿ ಒಂದು ತಮಾಷೆ ಮಾಡಲೂ ಬರುವುದಿಲ್ಲ, ಪಾಪ, ಹೆದರಿದ್ದಾಳೆ, ನನಗೆ ಹೊಟ್ಟೆಕಿಚ್ಚು, ಅಷ್ಟು ಕಷ್ಟದಲ್ಲಿರುವವಳ ಮೇಲೆ, ಪಾಪ ಅನ್ನುತ್ತಲೇ ನನ್ನ ಕೈ ಹೊದಿಕೆಯೊಳಗೆ ಹೋಗಿದೆ, ಹೊಟ್ಟೆ ಒತ್ತಿ ನೋಡುತ್ತಿದೆ, ಇಲ್ಲಿ, ಈ ಪಕ್ಕದಲ್ಲಿ, ಬಿಗಿಯಾಗಿದೆಯಾ, ಒಂದು ಚೂರು, ಒಂದೇ ಒಂದು ಬಾಟಲಿಯಷ್ಟು — ಥೂ, ಏನು ಬೇಡಿಕೊಳ್ಳುತ್ತಿದ್ದೀಯೇ, ಬುದ್ಧಿ ಇದೆಯಾ ನಿನಗೆ, ಕೈ ತೆಗಿ, ತೆಗೆಯುತ್ತಿಲ್ಲ, ಇನ್ನೂ ಸ್ವಲ್ಪ ಕೆಳಗೆ ಒತ್ತುತ್ತಿದೆ — ಪರದೆಯಾಚೆ ಹುಡುಗಿ ಎದ್ದು ನಿಂತಳು, ತೋಳು ಮೇಲೆ ಹೋಯಿತು, ಬಾಟಲಿ, ಕಿಟಕಿಯ ಬೆಳಕು, ಒಣಹುಲ್ಲಿನ ಬಣ್ಣ, ಬಾಟಲಿ, ಬೆಳಕು, ಬಾಟಲಿ